ಇನ್ಸ್‌ಪೆಕ್ಟರ್ ಕೂತಿದ್ದ ಕೋಲು

ಮನುಷ್ಯನ ತಿಳಿವಳಿಕೆಗೆ ಒಂದು ಎಲ್ಲೆಯಿದೆ, ಆ ಎಲ್ಲೆಯ ಆಚೆ ನಡೆಯುವುದನ್ನು ತಲೆಬಾಗಿ ಒಪ್ಪಿಕೊಳ್ಳುವುದೇ ವಿವೇಕ ಎಂದು ತಿಳಿದವರು ಹೇಳುತ್ತಾರೆ. ನನ್ನ ಪರಿಚಯದಲ್ಲಿ ಹೀಗೆ ಹೇಳುತ್ತಿದ್ದವರು ಇಬ್ಬರು. ಒಬ್ಬರು ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲಾ ಹುಡುಕಿ, ಕೊನೆಗೆ ತೀರಿಹೋದ ತಮ್ಮ ಅತ್ತೆಯ ಮೇಲೆ ಅನುಮಾನಪಟ್ಟವರು. ಇನ್ನೊಬ್ಬರ ಪ್ರಕರಣ ಇದಕ್ಕಿಂತ ದುರ್ಬಲ.

ನಾನು ಕೊಯಮತ್ತೂರಿನ ಸಿವಿಲ್ ಕೋರ್ಟಿನಲ್ಲಿ ಬಹಳ ಕಾಲ ವಕೀಲಿಕೆ ಮಾಡಿದವನು. ಸತ್ತವರು ಹೆಬ್ಬೆಟ್ಟು ಒತ್ತಿದ್ದನ್ನು ಕಣ್ಣಾರೆ ಕಂಡೆವೆಂದು ದೇವರ ಮೇಲೆ ಆಣೆಯಿಟ್ಟು ಹೇಳಿದವರನ್ನು ನೋಡಿದ್ದೇನೆ. ಅಂಥವರಿಗೆ ನಾನು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಎಷ್ಟು ದೂರದಿಂದ ನೋಡಿದಿರಿ? ಬೆಳಕು ಹೇಗಿತ್ತು? ನಿಮ್ಮ ಹೊರತು ಬೇರೆ ಯಾರು ನೋಡಿದರು? ಮೊದಲನೆಯದಕ್ಕೆ ಉತ್ತರ ಸಿದ್ಧವಾಗಿರುತ್ತಿತ್ತು, ಎರಡನೆಯದಕ್ಕೆ ತಡವರಿಸುತ್ತಿದ್ದರು, ಮೂರನೆಯದಕ್ಕೆ ನೀರು ಕೇಳುತ್ತಿದ್ದರು. ಮನೆಯಲ್ಲಿ ಯಾರಾದರೂ ಹುಣಸೆಮರದ ಕೆಳಗಿನ ಬಿಳಿ ಸೀರೆಯ ಸುದ್ದಿ ತೆಗೆದರೂ ಇದೇ ಮೂರು ಪ್ರಶ್ನೆ ಕೇಳಿ ಎಲ್ಲರ ಊಟದ ರುಚಿ ಕೆಡಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ, ತಮಿಳರ ಪಂಗುನಿ ತಿಂಗಳಲ್ಲಿ, ಬೇಸಿಗೆ ಏರುವ ಹೊತ್ತಿನ ಒಂದು ಸಂಜೆ, ಆ ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳಬೇಕಾಗಿ ಬಂತು. ಮೂರಕ್ಕೂ ಉತ್ತರ ಸಿಕ್ಕಿತು. ತೊಂದರೆಯಾಗಿರುವುದೇ ಅದರಿಂದ.

ಈ ಬರಹದಲ್ಲಿ ಬರುವ ಮುಖ್ಯ ವ್ಯಕ್ತಿ ನನ್ನ ಅಕ್ಕನ ಗಂಡ, ನನಗೆ ಭಾವ. ಮಡತ್ತುಕುಳಂ ಹತ್ತಿರ ತೆಂಗಿನ ತೋಪು ಇಟ್ಟುಕೊಂಡವರು. ಅವರ ಮನೆಯಲ್ಲೂ ನಮ್ಮ ಮನೆಯಂತೆ ಕನ್ನಡವೇ, ಆದರೆ ಅದು ಅಡುಗೆಮನೆಯಿಂದ ಜಗಲಿಯವರೆಗಿನ ಕನ್ನಡ. ಜಗಲಿ ಇಳಿದರೆ ತಮಿಳು. ಭಾವನಿಗೆ ಕನ್ನಡ ಓದಲು ಬಾರದು. ಆದ್ದರಿಂದ ಅವರ ಬಗ್ಗೆ ನಿಶ್ಚಿಂತೆಯಿಂದ ಬರೆಯುತ್ತಿದ್ದೇನೆ.

ನಮ್ಮಿಬ್ಬರಿಗೂ ವಯಸ್ಸಾದ ಮೇಲೆ ಒಂದು ಹುಚ್ಚು ಹತ್ತಿತು. ಕೊಳದ ದಡದಲ್ಲಿ ಕೂತು ತಟ್ಟಾನ್ ನೋಡುವುದು. ನೀವು ಏರೋಪ್ಲೇನ್ ಚಿಟ್ಟೆ ಎನ್ನುತ್ತೀರಲ್ಲ, ಅದೇ. ಅದರಲ್ಲಿ ದೊಡ್ಡವು ರೆಕ್ಕೆ ಹರಡಿಕೊಂಡೇ ಕೂರುತ್ತವೆ, ಜಾಗದ ಮೇಲೆ ತಮ್ಮ ಹಕ್ಕು ಸಾಧಿಸುವವರ ಹಾಗೆ. ಸೂಜಿಯಂತೆ ತೆಳ್ಳಗಿರುವ ಊಸಿ ತಟ್ಟಾನ್‌ಗಳು ರೆಕ್ಕೆಯನ್ನು ಬೆನ್ನ ಮೇಲೆ ಮಡಚಿಕೊಳ್ಳುತ್ತವೆ, ಬಾಡಿಗೆದಾರರ ಹಾಗೆ. ತೋಪನ್ನು ಗುತ್ತಿಗೆಗೆ ಕೊಟ್ಟ ಮೇಲೆ ಭಾವನಿಗೆ ಮಧ್ಯಾಹ್ನ ಮಾಡಲು ಕೆಲಸವಿರಲಿಲ್ಲ. ಕೋರ್ಟಿಗೆ ಹೋಗುವುದು ನಿಂತ ಮೇಲೆ ನನಗೂ ಇರಲಿಲ್ಲ. ಪಂಗುನಿಯಲ್ಲಿ ಕಾಲುವೆ ನೀರು ನಿಂತು ಅವರ ಊರಿನ ಕೊಳ ಒಳಗೊಳಗೆ ಸರಿಯುತ್ತದೆ, ಅಂಚಿನಲ್ಲಿ ಜೊಂಡು ಉಳಿಯುತ್ತದೆ. ಆಗ ಸುತ್ತಲಿನ ತಟ್ಟಾನ್‌ಗಳೆಲ್ಲ ಅಲ್ಲಿಗೇ ಬರುತ್ತವೆ. ನಾನೂ ಕೊಯಮತ್ತೂರಿನಿಂದ ಪಳನಿ ಬಸ್ಸು ಹಿಡಿದು, ಕಿಣತ್ತುಕಡವು, ಪೊಳ್ಳಾಚಿ, ಉಡುಮಲೈ ಎಲ್ಲ ದಾಟಿ, ತೊಡೆಯ ಮೇಲೆ ಹಳೆಯ ಭಾರದ ದುರ್ಬೀನು ಇಟ್ಟುಕೊಂಡು ಬರುತ್ತಿದ್ದೆ. ಬಸ್ಸಿನಲ್ಲಿ ಕೇಳಿದವರಿಗೆ ಅಕ್ಕನನ್ನು ನೋಡಲು ಹೋಗುತ್ತಿದ್ದೇನೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ, ಅಕ್ಕನನ್ನೂ ನೋಡುತ್ತಿದ್ದೆ.

ಈ ಕೆಲಸಕ್ಕೆ ನಮ್ಮದೇ ಒಂದು ಕಾನೂನಿತ್ತು. ಕೊಳದ ಬಳಿ ಮಾತಿಲ್ಲ. ಕೂಗುವಂತಿಲ್ಲ, ಕೈ ಬೀಸುವಂತಿಲ್ಲ. ತಟ್ಟಾನ್‌ಗೆ ತಲೆಯೆಲ್ಲಾ ಕಣ್ಣು, ಒಂದು ಬೆರಳು ಅಲ್ಲಾಡಿದರೂ ಎದ್ದುಬಿಡುತ್ತದೆ. ಫೋನ್ ಆಫ್ ಮಾಡಿರಬೇಕು. ಭಾವ ಒಂದು ಹೆಜ್ಜೆ ಮುಂದೆ ಹೋಗಿ ಫೋನನ್ನು ಮನೆಯ ಫ್ರಿಜ್ಜಿನ ಮೇಲೆಯೇ ಬಿಟ್ಟು ಬರುತ್ತಿದ್ದರು. ಒಬ್ಬರಿಗೆ ನೋಡತಕ್ಕದ್ದೇನಾದರೂ ಕಂಡರೆ ಅವರು ತಮ್ಮ ಕೋಲನ್ನು ಆ ದಿಕ್ಕಿಗೆ ಚಾಚಿ ಹಿಡಿದು ಸುಮ್ಮನಿರಬೇಕು. ಇನ್ನೊಬ್ಬರು ಅದನ್ನು ನೋಡಿ ಸದ್ದಿಲ್ಲದೆ ಸುತ್ತುಹಾಕಿ ಬರಬೇಕು. ಭಾವನ ಕೋಲು ಬಿದಿರಿನದು, ಹಿಡಿಗೆ ಸೈಕಲ್ಲಿನ ಹಸಿರು ಗ್ರಿಪ್ ಹಾಕಿದ್ದರು, ನಡುವೆ ಸೀಳಿದ್ದ ಕಡೆ ಹಳದಿ ಇನ್ಸುಲೇಷನ್ ಟೇಪ್ ಸುತ್ತಿದ್ದರು. ಅವರು ಅದನ್ನು ಚಾಚಿ ಹಿಡಿದು ಎಷ್ಟು ಅಲುಗಾಡದೆ ಕೂರುತ್ತಿದ್ದರೆಂದರೆ ಕೆಲವು ಸಲ ತಟ್ಟಾನ್ ಬಂದು ಕೋಲಿನ ತುದಿಯ ಮೇಲೆಯೇ ಕೂರುತ್ತಿತ್ತು.

“ನೋಡಿದ್ಯಾ ವಕೀಲ್ರೇ, ಅದು ಬಂದು ಕೂತ್ರೆ ನಾನು ಮರ ಆಗ್ಬಿಟ್ಟೆ ಅಂತ ಅರ್ಥ,” ಎನ್ನುತ್ತಿದ್ದರು. ನನ್ನನ್ನು ಅವರು ವಕೀಲ್ರೇ ಎಂದು ಬಹುವಚನದಲ್ಲಿ ಕರೆದು ಏಕವಚನದಲ್ಲಿ ಮಾತಾಡಿಸುವುದು ಮೊದಲಿನಿಂದಲೂ ರೂಢಿ.

ಆ ತಟ್ಟಾನ್‌ಗಳಲ್ಲಿ ಒಂದಕ್ಕೆ ನಾವು ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದೆವು. ಕಪ್ಪು ಮೈ, ಹಳದಿ ಪಟ್ಟೆ, ಬಾಲದ ತುದಿ ಉಬ್ಬಿಕೊಂಡಿರುತ್ತದೆ. ನೀರಿನ ಅಂಚಿನಲ್ಲಿ ಚಾಚಿಕೊಂಡ ಒಂದು ಬೋಳು ಕಡ್ಡಿಯನ್ನು ಆರಿಸಿಕೊಂಡು ಅದರ ತುದಿಯಲ್ಲಿ, ಮುಖ ನೀರಿನ ಕಡೆಗಿಟ್ಟು ಕೂರುತ್ತದೆ. ಯಾರಾದರೂ ಸರಹದ್ದಿನೊಳಗೆ ಬಂದರೆ ಅಟ್ಟಿಸಿಕೊಂಡು ಹೋಗಿ ಮತ್ತೆ ಅದೇ ಕಡ್ಡಿಗೆ ಬರುತ್ತದೆ. ಒಮ್ಮೆ ಅದು ಹಾರಿದಾಗ ನಾವು ಕಡ್ಡಿಯನ್ನು ಕಿತ್ತಿಟ್ಟು ನೋಡಿದ್ದುಂಟು. ಹಿಂತಿರುಗಿದ ಇನ್ಸ್‌ಪೆಕ್ಟರ್ ಕಡ್ಡಿಯಿದ್ದ ಜಾಗದ ಬರಿಗಾಳಿಯಲ್ಲಿ ನಿಂತು, ಕೂರಲು ಕಾಲಿಳಿಸಿ, ಏನೂ ಸಿಗದೆ ಮೇಲೆದ್ದು, ಮತ್ತೆ ಇಳಿಸಿ, ಬಹಳ ಹೊತ್ತು ಹುಡುಕಿತು. ಇಬ್ಬರು ಮುದುಕರು ಅದನ್ನು ನೋಡಿ ನಗು ತಡೆಯಲಾರದೆ ನಮ್ಮ ಕಾನೂನನ್ನು ನಾವೇ ಮುರಿದೆವು. ಈ ವಿವರವನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಆ ದಿನ ನಾನು ಅಕ್ಕನ ಮನೆ ತಲುಪಿದಾಗ ನಾಲ್ಕು ಗಂಟೆಯಾಗಿರಬಹುದು. ಅಕ್ಕ ಕಾಫಿ ಕೊಟ್ಟು, ಭಾವ ಊಟ ಮಾಡಿದವರೇ ಹೊರಟುಹೋದರೆಂದೂ, ನಿನ್ನೆ ಇನ್ಸ್‌ಪೆಕ್ಟರ್ ಕಂಡಿತು, ವಕೀಲ ಬಂದರೆ ನೇರ ಕೊಳಕ್ಕೆ ಕಳಿಸು ಎಂದು ಹೇಳಿದ್ದಾರೆಂದೂ ತಿಳಿಸಿದಳು. ಆಮೇಲೆ ಒಂದು ಪುಟ್ಟ ಟಿಫಿನ್ ಡಬ್ಬಿ ತಂದು ಕೈಗಿಟ್ಟಳು.

“ಇದ್ರಲ್ಲಿ ಎರಡು ಇಡ್ಲಿ ಇದೆ, ಒಂದು ಬೆಲ್ಲದ ತುಂಡೂ ಇಟ್ಟಿದೀನಿ. ಇನ್ಸುಲಿನ್ ಹಾಕ್ಕೊಂಡು ಹೋಗೋರು ಸಾಯಂಕಾಲ ಏನಾದ್ರೂ ತಿನ್ಬೇಕಾ ಬೇಡ್ವಾ? ತಗೊಂಡ್ಹೋಗಿ ಅಂದ್ರೆ, ಭಾರ ಆಗುತ್ತೆ, ಬೇಡ ಅಂತಾರೆ. ಶುಗರ್ ಇಳಿದ್ರೆ ಅವ್ರಿಗೆ ಮೊದ್ಲು ಮಾತೇ ನಿಂತ್ಹೋಗೋದು.”

“ಮಾತು ನಿಲ್ಲೋದು ನಿನಗೆ ಒಳ್ಳೇದಲ್ವಾ ಅಕ್ಕಾ,” ಎಂದೆ.

“ಒಳ್ಳೇದೇ. ಆದ್ರೂ ಕತ್ತಲಾಗೋ ಮುಂಚೆ ಕಂಡಿಪ್ಪಾ, ಮರೀದೇ ಕರ್ಕೊಂಡು ಬಾ. ಹೋದ ಸಲ ಬಿದ್ದಾಗ ಡಾಕ್ಟರು ನನ್ನ ಬೈದ್ರು.”

ಡಬ್ಬಿ ಹಿಡಿದು, ದುರ್ಬೀನು ಕೊರಳಿಗೆ ಹಾಕಿಕೊಂಡು, ಫೋನ್ ಆಫ್ ಮಾಡಿ ಹೊರಟೆ. ಕೊಳದ ಪಶ್ಚಿಮದ ಏರಿಯ ಮೇಲೆ ಒಂದು ಬೇವಿನ ಮರವಿದೆ. ಅಲ್ಲಿಗೆ ಬಂದಾಗ ಎದುರು ದಡದಲ್ಲಿ ಭಾವ ಕಂಡರು.

ಈಗ ನನ್ನ ಮೊದಲೆರಡು ಪ್ರಶ್ನೆಗಳು. ದೂರ, ಒಂದು ಕಲ್ಲು ಎಸೆದರೆ ಮುಕ್ಕಾಲು ದಾರಿ ಹೋಗಿ ನೀರಿಗೆ ಬೀಳುವಷ್ಟು. ಕೈಯಲ್ಲಿ ದುರ್ಬೀನು ಇತ್ತು. ಬೆಳಕು, ನನ್ನ ಬೆನ್ನ ಹಿಂದಿನಿಂದ ಇಳಿಬಿಸಿಲು ನೇರ ಅವರ ಮೇಲೆ ಬೀಳುತ್ತಿತ್ತು. ಸೊಂಟಕ್ಕೆ ಬಿಳಿ ವೇಷ್ಟಿ, ತೋಳಿನ ಬನಿಯನ್, ತಲೆಗೆ ಸುತ್ತಿದ ಟವಲ್. ಜೊಂಡಿನ ಸಂದಿನಲ್ಲಿ ನಿಂತಿದ್ದರು. ಕೋಲು ಎದೆಯ ಮಟ್ಟಕ್ಕೆ ಚಾಚಿತ್ತು. ನಡುವಿನ ಹಳದಿ ಟೇಪು ಸ್ಪಷ್ಟವಾಗಿ ಕಂಡಿತು. ಕೋಲಿನ ತುದಿಯಲ್ಲಿ ಇನ್ಸ್‌ಪೆಕ್ಟರ್ ಕೂತಿತ್ತು.

ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಅಷ್ಟು ಸಂಶಯದ ಪ್ರಾಣಿ ನನ್ನ ಹತ್ತಿರ ಎಂದೂ ಬಂದಿರಲಿಲ್ಲ. ಕಾನೂನಿನ ಪ್ರಕಾರ ಕೂಗಲಿಲ್ಲ, ಕೈ ಬೀಸಲಿಲ್ಲ. ಅವರು ತೋರಿಸುತ್ತಿರುವುದನ್ನು ಆಮೇಲೆ ನೋಡೋಣ, ಮೊದಲು ಕೋಲಿನ ಮೇಲಿರುವುದನ್ನೇ ನೋಡೋಣ ಎಂದು ಬೇವಿನ ಬುಡದಲ್ಲಿ ಕೂತೆ. ಅದು ಎದ್ದಿತು, ಒಂದು ಕೆಂಪು ತಟ್ಟಾನನ್ನು ನೀರಿನ ನಡುವಿನವರೆಗೆ ಅಟ್ಟಿತು, ತಿರುಗಿ ಬಂದು ಕೋಲಿನ ತುದಿಯಲ್ಲೇ ಕೂತಿತು. ಹೀಗೆ ಎಷ್ಟೋ ಸಲ. ಪ್ರತಿ ಸಲ ಕೂತಾಗಲೂ ಅದರ ರೆಕ್ಕೆ ಚೂರೇ ಚೂರು ಮುಂದಕ್ಕೆ ಇಳಿಯುತ್ತದೆ, ಕುರ್ಚಿಯಲ್ಲಿ ಕೂತವರು ಭುಜ ಸಡಿಲ ಬಿಡುವಂತೆ. ಅದನ್ನೂ ನೋಡಿದೆ. ಒಂದೇ ವಿಚಿತ್ರವೆಂದರೆ ಇನ್ಸ್‌ಪೆಕ್ಟರ್ ನೀರಿಗೆ ಬೆನ್ನು ಹಾಕಿ ಕೂತಿತ್ತು. ಕೋಲು ನೀರಿನ ಕಡೆಗೆ ಇರಲೇ ಇಲ್ಲ. ಅದು ದಡದ ಆಚೆ, ಸೀಮೆಜಾಲಿ ಮುಳ್ಳುಪೊದೆಗಳ ಕಡೆಗೆ ಚಾಚಿತ್ತು. ಆ ಪೊದೆಯಲ್ಲಿ ದುರ್ಬೀನಿನಿಂದ ಹುಡುಕಿದೆ. ನೋಡತಕ್ಕದ್ದು ಏನೂ ಕಾಣಲಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ ಹೇಳಲಾರೆ. ಬೇವಿನ ನೆರಳು ನನ್ನನ್ನು ದಾಟಿ ನೀರಿನೊಳಕ್ಕೆ ಇಳಿದಿತ್ತು. ನನ್ನ ತೋಳು ದುರ್ಬೀನಿನ ಭಾರಕ್ಕೆ ನಡುಗತೊಡಗಿತು. ಅದನ್ನು ಇಳಿಸಿಕೊಂಡಾಗ ಮೊದಲ ಬಾರಿಗೆ ಒಂದು ಯೋಚನೆ ಬಂತು. ನನ್ನ ತೋಳೇ ಹೀಗಾದರೆ ಎಪ್ಪತ್ತು ದಾಟಿದ ಮನುಷ್ಯ ಅಷ್ಟುದ್ದದ ಕೋಲನ್ನು ಇಷ್ಟು ಹೊತ್ತು ಹೇಗೆ ಹಿಡಿದಿದ್ದಾರೆ? ಮತ್ತೆ ದುರ್ಬೀನು ಎತ್ತಿದೆ. ಕೋಲು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಮುಖದ ಮೇಲೆ ಟವಲಿನ ನೆರಳು ಬಿದ್ದಿತ್ತು. ಅವರು ಕೆಮ್ಮಲಿಲ್ಲ, ಕಾಲು ಬದಲಿಸಲಿಲ್ಲ, ಸೊಳ್ಳೆ ಓಡಿಸಲಿಲ್ಲ. ನನ್ನ ಭಾವ ಸೊಳ್ಳೆಯನ್ನು ಕ್ಷಮಿಸುವವರಲ್ಲ.

ಶುಗರ್ ಇಳಿದರೆ ಮೊದಲು ಮಾತು ನಿಲ್ಲುತ್ತದೆ ಎಂದು ಅಕ್ಕ ಹೇಳಿದ್ದು ನೆನಪಾಯಿತು. ನಿಂತಲ್ಲೇ ಮರಗಟ್ಟಿದ್ದಾರೆಯೇ ಎನಿಸಿತು. ಕಾನೂನು ಮುರಿದು ಕೂಗಿದೆ.

“ಭಾವಾ.”

ನೀರಿನ ಮೇಲೆ ಸದ್ದು ಚೆನ್ನಾಗಿ ಹೋಗುತ್ತದೆ. ಜೊಂಡಿನಿಂದ ಒಂದು ಕೊಕ್ಕರೆ ಎದ್ದುಹೋಯಿತು. ಭಾವ ತಿರುಗಲಿಲ್ಲ. ಎದ್ದು ನಿಂತು ಟಿಫಿನ್ ಡಬ್ಬಿಯನ್ನು ತಲೆಯ ಮೇಲೆ ಬೀಸಿದೆ. ಇನ್ನೊಮ್ಮೆ ಕೂಗಿದೆ. ಇನ್ಸ್‌ಪೆಕ್ಟರ್ ಕೂಡ ಏಳಲಿಲ್ಲ.

ಏರಿಯ ಮೇಲೆ ಓಡುವುದು ನನ್ನ ವಯಸ್ಸಿಗೆ ಸಲ್ಲದು, ಆದರೂ ಓಡಿದೆ. ಕೊಳದ ತೂಬಿನ ಹತ್ತಿರ ದಾರಿ ಇಳಿದು ಮತ್ತೆ ಹತ್ತುತ್ತದೆ. ಅಷ್ಟು ದೂರ ಎದುರು ದಡ ಮರೆಯಾಗುತ್ತದೆ. ಹತ್ತಿ ಮೇಲೆ ಬಂದಾಗ ಜೊಂಡಿನ ಸಂದಿನಲ್ಲಿ ಯಾರೂ ಇರಲಿಲ್ಲ.

ನೀರಿಗೆ ಬಿದ್ದರೆಂದೇ ತಿಳಿದೆ. ಅಲ್ಲಿಗೆ ಹೋಗಿ ನೋಡಿದರೆ ನೀರು ಮೊಣಕಾಲಿನಷ್ಟಿಲ್ಲ, ಒಂದು ಅಲೆಯಿಲ್ಲ, ಕದಡಿಲ್ಲ. ದಡದ ಕೆಸರು ಆಗಷ್ಟೇ ಸಾರಿಸಿದಂತೆ ನುಣ್ಣಗಿತ್ತು. ಅದರ ಮೇಲೆ ಕೊಕ್ಕರೆಯ ಹೆಜ್ಜೆಗಳಿದ್ದವು. ಮನುಷ್ಯರ ಹೆಜ್ಜೆ ಅಲ್ಲಿದ್ದದ್ದು ನನ್ನದೊಂದೇ, ಅದೂ ಆಗ ಮೂಡುತ್ತಿದ್ದದ್ದು.

ಆಗ ಇನ್ಸ್‌ಪೆಕ್ಟರನ್ನು ನೋಡಿದೆ. ನನ್ನಿಂದ ಎರಡು ಮಾರು ದೂರದಲ್ಲಿ, ಎದೆಯ ಮಟ್ಟದಲ್ಲಿ, ಬರಿಗಾಳಿಯಲ್ಲಿ ನಿಂತಿತ್ತು. ಕಾಲಿಳಿಸಿತು. ಏನೂ ಸಿಗದೆ ಮೇಲೆದ್ದಿತು. ಮತ್ತೆ ಇಳಿಸಿತು. ಪಕ್ಕಕ್ಕೆ ಸರಿದು ನೋಡಿ, ಮೊದಲಿನ ಜಾಗಕ್ಕೇ ಬಂದು ಮತ್ತೆ ಇಳಿಸಿತು. ಕಡ್ಡಿ ಕಿತ್ತಿಟ್ಟ ದಿನ ನಾವು ನಕ್ಕಿದ್ದೆವಲ್ಲ, ಅದೇ ಹುಡುಕಾಟ. ಈ ಸಲ ನಗು ಬರಲಿಲ್ಲ. ಕುತ್ತಿಗೆಯ ಹಿಂದಿನ ಕೂದಲು ಏಳುವುದು ಬರೀ ಮಾತಿನ ಅಲಂಕಾರವೆಂದು ತಿಳಿದಿದ್ದೆ. ಅಲ್ಲ.

ಆ ಹೊತ್ತಿಗೆ ಬುದ್ಧಿ ಕೆಲಸ ಮಾಡಿತೆಂದು ಹೇಳಿಕೊಳ್ಳುವುದಿಲ್ಲ. ರೂಢಿ ಮಾಡಿತು. ಕೋಲು ಚಾಚಿದ್ದರೆ ಆ ದಿಕ್ಕಿಗೆ ಹೋಗಿ ನೋಡಬೇಕು, ಅಷ್ಟೇ. ಇನ್ಸ್‌ಪೆಕ್ಟರ್ ಹುಡುಕುತ್ತಿದ್ದ ಜಾಗವನ್ನು ಗುರುತಾಗಿಟ್ಟುಕೊಂಡು ಮುಳ್ಳುಪೊದೆಯೊಳಗೆ ನುಗ್ಗಿದೆ. ಅದು ಪಕ್ಕದವರ ಪಾಳುಬಿದ್ದ ಜಮೀನು. ಅಂಗಿ ಹರಿಯಿತು, ಕೈ ಗೀರಿತು. ಪೊದೆ ಮುಗಿಯುವಲ್ಲಿ ನೆಲವೂ ಮುಗಿಯಿತು. ಕಟ್ಟೆ ಕುಸಿದ ಒಂದು ಹಳೆಯ ಬಾವಿ, ನಮ್ಮ ಕಡೆ ಬಂಡೆ ಸೀಳಿ ತೋಡುವ ದೊಡ್ಡ ಬಾವಿ. ಅಂಚಿನ ಮಣ್ಣು ಒಂದು ಕಡೆ ಹೊಸದಾಗಿ ಜಾರಿತ್ತು. ಒಂದು ಹೆಜ್ಜೆ ಮುಂದಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ.

ಮಂಡಿಯೂರಿ ಬಗ್ಗಿದೆ. ಕೆಳಗೆ ಆಗಲೇ ಅರ್ಧ ಕತ್ತಲು.

“ಭಾವಾ,” ಎಂದು ಕಿರುಚಿದೆ.

ಆಮೇಲೆ ಬಂಡೆಯೊಳಗಿಂದ ಬಂದಂತೆ ಒಂದು ಸಣ್ಣ ಸ್ವರ.

“ಮೆಲ್ಲ ಕೂಗೋ ವಕೀಲ. ತಟ್ಟಾನ್ ಓಡ್ಹೋಗ್ತದೆ.”

ಸುಮಾರು ಎರಡು ಆಳುದ್ದ ಕೆಳಗೆ ಬಂಡೆ ಚಾಚಿಕೊಂಡಿತ್ತು. ಅದರ ಮೇಲೆ ಭಾವ ಒರಗಿದ್ದರು. ಎಡಗಾಲು ಇರಬಾರದ ಕಡೆಗೆ ತಿರುಗಿತ್ತು. ಅದರ ಕೆಳಗೆ ಇನ್ನೆಷ್ಟು ಆಳವಿತ್ತೋ, ಕಪ್ಪು ನೀರಷ್ಟೇ ಕಾಣುತ್ತಿತ್ತು. ಅವರ ಮಾತು ತೊದಲುತ್ತಿತ್ತು.

“ಅಲ್ಲಾಡ್ಬೇಡಿ ಭಾವ. ಅಲ್ಲೇ ಇರಿ,” ಎಂದೆ. ಅವರು ಬೇರೆಲ್ಲಿಗೋ ಹೊರಟಿದ್ದವರಂತೆ.

“ಈ ಕಾಲು ನನ್ದಲ್ಲ ಅನ್ಸುತ್ತೆ,” ಎಂದರು. ಆಮೇಲೆ, “ಮಾಪ್ಳೆ, ನನ್ನ ಬಿಟ್ಟು ಹೋಗ್ಬೇಡ,” ಎಂದರು.

ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮಾಪ್ಳೆ ಎಂದು, ಹೆಂಡತಿಯ ತಮ್ಮನನ್ನು ಕರೆಯಬೇಕಾದ ಹಾಗೆ, ಕರೆದದ್ದು ಮದುವೆಯ ದಿನ ಒಮ್ಮೆ. ಇದು ಎರಡನೆಯ ಸಲ.

ಫೋನ್ ಆನ್ ಮಾಡಿದೆ. ಅದು ಕಂಪನಿಯ ಹೆಸರು ತೋರಿಸಿ, ಬಣ್ಣದ ಹೂವು ಅರಳಿಸಿ, ಸಂಗೀತ ಬಾರಿಸಿ, ಕೊನೆಗೆ ಎದ್ದಿತು. ಅಕ್ಕನಿಗೆ ಹೇಳಿದ್ದು ಎರಡೇ ಮಾತು: ಕೊಳದ ಆಚೆಯ ಬಾವಿ, ಜೀವ ಇದೆ. ಅವಳು ಏನೂ ಕೇಳದೆ ಫೋನಿಟ್ಟಳು. ಜನ ಬರುವವರೆಗೆ ಭಾವನಿಗೆ ಎಚ್ಚರ ತಪ್ಪಬಾರದು. ಎಚ್ಚರ ತಪ್ಪಿ ಪಕ್ಕಕ್ಕೆ ವಾಲಿದರೆ ಕೆಳಗೆ ನೀರು. ಬೆಲ್ಲ ನನ್ನ ಕೈಯಲ್ಲಿತ್ತು, ಬಾಯಿ ಅವರ ಬಳಿ ಇತ್ತು, ನಡುವೆ ಎರಡು ಆಳು ಬಂಡೆ.

ಉಟ್ಟ ವೇಷ್ಟಿ ಬಿಚ್ಚಿ, ಅದರ ತುದಿಗೆ ಹೆಗಲ ಮೇಲಿದ್ದ ಟವಲ್ ಕಟ್ಟಿ, ಟವಲಿನ ತುದಿಗೆ ಡಬ್ಬಿ ಕಟ್ಟಿ ಇಳಿಸಿದೆ. ನ್ಯಾಯಾಂಗದ ಘನತೆಗೆ ಇಷ್ಟು ವರ್ಷ ದುಡಿದ ನಾನು ಪಟ್ಟೆ ಪಟ್ಟೆ ಚಡ್ಡಿಯಲ್ಲಿ ಮುಳ್ಳುಪೊದೆಯ ನಡುವೆ ಹೊಟ್ಟೆಯ ಮೇಲೆ ಮಲಗಿದ್ದೆ. ಡಬ್ಬಿ ಬಂಡೆಗೆ ತಗಲಿ ಸದ್ದು ಮಾಡುತ್ತಾ ಇಳಿಯಿತು. ಭಾವ ಅದನ್ನು ನೋಡುತ್ತಿದ್ದರು, ಕೈ ಚಾಚಲಿಲ್ಲ.

“ಭಾವ, ಡಬ್ಬಿ. ತೆಗೀರಿ.”

“ಯಾರದು?”

“ಅಕ್ಕ ಕೊಟ್ಟಿದ್ದು.”

“ಬೇಡ ಅಂದಿದ್ನಲ್ಲ.”

“ಬೇಡ ಅಂದ್ರೂ ಕಳಿಸಿದಾಳೆ. ಬೆಲ್ಲ ಇದೆ, ಬಾಯಿಗೆ ಹಾಕ್ಕೊಳಿ. ಇಲ್ಲಾಂದ್ರೆ ಅವಳನ್ನೇ ಕರೀತೀನಿ.”

ಈ ಬೆದರಿಕೆ ಕೆಲಸ ಮಾಡಿತು. ಅವರ ಕೈ ಮೆಲ್ಲಗೆ ಬಂತು, ಡಬ್ಬಿಯನ್ನು ತಪ್ಪಿ ಟವಲನ್ನು ಹಿಡಿಯಿತು, ಜಾರಿತು, ಮತ್ತೆ ಬಂತು. ಮುಚ್ಚಳ ತೆಗೆಯಲು ಅವರಿಗೆ ಹಿಡಿದ ಹೊತ್ತಿನಲ್ಲಿ ನಾನು ಒಂದು ಪೂರ್ತಿ ದಾವೆ ನಡೆಸಿರಬಹುದು. ಒಂದು ಇಡ್ಲಿ ನೀರಿಗೆ ಬಿದ್ದ ಸದ್ದು ಕೇಳಿತು. ಆಮೇಲೆ ಬೆಲ್ಲ ಕಡಿಯುವ ಸದ್ದು ಬಂತು. ಬದುಕಿನಲ್ಲಿ ಎಷ್ಟೋ ಸಂಗೀತ ಕಛೇರಿಗಳಿಗೆ ಹೋಗಿದ್ದೇನೆ, ಒಂದರಲ್ಲೂ ಅಷ್ಟು ಗಮನವಿಟ್ಟು ಕೇಳಿಲ್ಲ.

ಅಕ್ಕ, ಅವಳ ಹಿಂದೆ ಹಗ್ಗ ಹಿಡಿದ ಪಕ್ಕದ ತೋಟದ ಚೆನ್ನಿಯಪ್ಪನ್, ಅವರ ಹಿಂದೆ ಫೈರ್ ಸರ್ವಿಸಿನವರು, ಈ ಕ್ರಮದಲ್ಲಿ ಬಂದರು. ಬಾವಿಯಲ್ಲಿ ಬಿದ್ದವರನ್ನು ತೆಗೆಯುವುದು ನಮ್ಮ ಕಡೆಯ ಫೈರ್ ಸರ್ವಿಸಿಗೆ ಬೆಂಕಿ ಆರಿಸುವುದಕ್ಕಿಂತ ಹೆಚ್ಚು ಅಭ್ಯಾಸ. ಬಲೆ ಇಳಿಸಿ, ಕಾಲಿಗೆ ಹಲಗೆ ಕಟ್ಟಿ, ಲೈಟಿನ ಬೆಳಕಿನಲ್ಲಿ ಮೇಲೆತ್ತಿದರು. ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು, ಒಂದು ಹನಿ ಅಳಲಿಲ್ಲ. ಮೇಲೆ ಬಂದವರು ಬಲೆಯೊಳಗಿಂದ ಅವಳನ್ನು ನೋಡಿ, “ಇಡ್ಲಿ ಒಂದೇ ಸಿಕ್ತು,” ಎಂದರು. ಆಗ ಅತ್ತಳು.

ಅವರ ತೊಡೆಯ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಅವರಿಗೆ ಪೂರ್ತಿ ತಿಳಿವು ಬಂದ ಮೇಲೆ, ಎದುರು ದಡಕ್ಕೆ ಎಷ್ಟು ಹೊತ್ತಿಗೆ ಬಂದಿದ್ದಿರಿ ಎಂದು ಕೇಳಿದೆ.

“ಯಾವ ದಡ? ನಾನು ಅವತ್ತು ಕೊಳದ ಹತ್ರನೇ ಬಂದಿಲ್ಲ. ಕಾಲುವೆ ಪಕ್ಕ ಒಂದು ನೀಲಿ ಊಸಿ ತಟ್ಟಾನ್ ಸಿಕ್ತು. ಅದರ ಹಿಂದೆನೇ ಹೋದೆ. ಅದು ಬಾವಿ ಕಡೆ ಹೋಯ್ತು, ನಾನೂ ಹೋದೆ. ಅದಕ್ಕೆ ರೆಕ್ಕೆ ಇತ್ತು.”

“ಬಿದ್ದಾಗ ಎಷ್ಟು ಗಂಟೆ?”

“ಎರಡು ಗಂಟೆಯ ಟೌನ್ ಬಸ್ಸು ಹಾರನ್ ಹೊಡೀತಿತ್ತು. ಯಾಕೆ, ಕೇಸ್ ಹಾಕ್ತೀಯಾ ವಕೀಲ್ರೇ?”

ಎರಡು ಗಂಟೆಗೆ ನಾನು ಪೊಳ್ಳಾಚಿ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ತಿನ್ನುತ್ತಿದ್ದೆ.

ನೋಡಿದ್ದನ್ನು ಹೇಳಿದೆ. ಭಾವ ಪೂರ್ತಿ ಕೇಳಿ, ಸೀಲಿಂಗ್ ಫ್ಯಾನನ್ನು ನೋಡುತ್ತಾ, “ನಿನ್ನ ಕಣ್ಣಿಗೆ ಪೊರೆ ಬಂದಿದೆ, ತೋರಿಸ್ಕೋ,” ಎಂದರು. ತೋರಿಸಿಕೊಂಡೆ. ಪೊರೆ ಇತ್ತು. ಅಷ್ಟಕ್ಕೆಲ್ಲಾ ಮನುಷ್ಯರು ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದರು, ಆದರೂ ಇತ್ತು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. “ತಲೆಗೆ ಟವಲ್ ಸುತ್ತಿದ್ರಾ?”

“ಸುತ್ತಿದ್ರು.”

“ಅವತ್ತು ಮರೆತು ಹೋಗಿದ್ರು. ನೀನು ಕಾಫಿ ಕುಡೀವಾಗ ನಿನ್ನ ತಲೆ ಮೇಲೆ ಹಗ್ಗದಲ್ಲಿ ಒಣಗ್ತಿತ್ತಲ್ಲ, ಅದೇ.”

ಈ ಟವಲು ಎದುರು ಪಕ್ಷಕ್ಕೆ ಅನುಕೂಲವಾದ ಸಾಕ್ಷ್ಯವೆಂದು ಒಪ್ಪುತ್ತೇನೆ. ಅಲ್ಲಿ ನಿಂತಿದ್ದದ್ದು ಅಂದಿನ ಭಾವನಲ್ಲ, ನಾನು ಯಾವಾಗಲೂ ನೋಡಿ ಅಭ್ಯಾಸವಾದ ಭಾವ. ಅಂದರೆ ಅದು ನನ್ನ ತಲೆಯೊಳಗಿಂದ ಬಂದದ್ದು. ಆ ಬಾವಿಯ ವಿಷಯವನ್ನು ಯಾರೋ ಎಂದೋ ಹೇಳಿ ನಾನು ಮರೆತಿರಬಹುದು. ಕೊಳದ ಕಡೆ ಭಾವ ಕಾಣದಿದ್ದಾಗ ಮನಸ್ಸು ತಾನೇ ಒಂದು ಚಿತ್ರ ಮಾಡಿ, ಕೋಲು ಚಾಚಿಸಿ ತೋರಿಸಿರಬಹುದು. ನೀರಿನಲ್ಲಿ ಅವರ ಬಿಂಬ ಕಂಡಿತೇ ಎಂದು ಒಬ್ಬರು ಕೇಳಿದರು. ನೋಡಲಿಲ್ಲ. ಆ ದಡದಲ್ಲಿ ಇನ್ನಾರಾದರೂ ನಿಂತಿದ್ದರೇ ಎಂದರೆ, ಕೆಸರಿನಲ್ಲಿ ಹೆಜ್ಜೆಯಿರಲಿಲ್ಲ. ಯಾವುದಾದರೂ ಒಣಗಿದ ಜೊಂಡೋ ಕಡ್ಡಿಯೋ ನನಗೆ ಕೋಲಿನಂತೆ ಕಂಡಿತೇ ಎಂದು ಮರುದಿನವೇ ಹೋಗಿ ಆ ಜಾಗವನ್ನು ಕೈಯಾಡಿಸಿ ನೋಡಿದೆ. ಎದೆಯ ಮಟ್ಟದಲ್ಲಿ ಏನೂ ಇರಲಿಲ್ಲ. ನನ್ನ ಬಳಿ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ ಈ ಬರಹ ಬೇಕಾಗುತ್ತಿರಲಿಲ್ಲ, ಇಲ್ಲವೇ ಇನ್ನೂ ಉದ್ದವಾಗುತ್ತಿತ್ತು.

ನನ್ನ ಕಣ್ಣನ್ನು ನಾನು ಕೈಬಿಡಲು ಸಿದ್ಧ. ಪೊರೆ ನನ್ನ ಕಣ್ಣಿನಲ್ಲಿತ್ತು. ಆದರೆ ನಾನು ಕೇಳುತ್ತಿದ್ದ ಮೂರನೆಯ ಪ್ರಶ್ನೆ ಇದೆಯಲ್ಲ, ಬೇರೆ ಯಾರು ನೋಡಿದರು ಎಂಬುದು, ಅಲ್ಲಿ ಬಂದು ಸಿಕ್ಕಿಬೀಳುತ್ತೇನೆ. ಇನ್ಸ್‌ಪೆಕ್ಟರಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಅದಕ್ಕೆ ಭಾವನ ಶುಗರ್ ಗೊತ್ತಿಲ್ಲ, ಅಕ್ಕನ ಆತಂಕ ಗೊತ್ತಿಲ್ಲ. ಅದು ಕಡ್ಡಿಯಿದ್ದರೆ ಕೂರುತ್ತದೆ, ಇಲ್ಲದಿದ್ದರೆ ಕೂರುವುದಿಲ್ಲ. ನನ್ನ ಮನಸ್ಸು ಮಾಡಿದ ಚಿತ್ರದ ಮೇಲೆ ಒಂದು ಹುಳ ಹೇಗೆ ಬಂದು ಭಾರ ಬಿಟ್ಟು ಕೂರುತ್ತದೆ? ಕೂತಿದ್ದೂ ನನ್ನ ಕಲ್ಪನೆ ಎಂದುಕೊಳ್ಳೋಣ. ಆಮೇಲೆ ಬರಿಗಾಳಿಯಲ್ಲಿ ಹುಡುಕಿದ್ದನ್ನು ದುರ್ಬೀನಿಲ್ಲದೆ, ಎರಡು ಮಾರು ದೂರದಲ್ಲಿ ನೋಡಿದೆನಲ್ಲ. ಅದು ಏನನ್ನು ಹುಡುಕುತ್ತಿತ್ತು? ಈ ಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಮುರಿಯಲು ಇಷ್ಟು ವರ್ಷ ಪ್ರಯತ್ನಿಸಿದ್ದೇನೆ. ಆಗಿಲ್ಲ. ಹುಣಸೆಮರದ ಬಿಳಿ ಸೀರೆಯ ಕಥೆ ಬಂದರೆ ಈಗ ಸುಮ್ಮನೆ ಊಟ ಮಾಡುತ್ತೇನೆ.

ಫೈರ್ ಸರ್ವಿಸಿನವರು ಭಾವನ ಕೋಲನ್ನು ಬಾವಿಯ ನೀರಿನಿಂದ ತೆಗೆದುಕೊಟ್ಟರು. ಹಳದಿ ಟೇಪಿನ ಹತ್ತಿರ ಎರಡು ತುಂಡಾಗಿತ್ತು. ಭಾವ ಈಗ ಸ್ಟೀಲಿನ ಕೋಲು ಹಿಡಿದು ನಡೆಯುತ್ತಾರೆ, ಎಡಗಾಲು ಸ್ವಲ್ಪ ಗಿಡ್ಡವಾಗಿದೆ. ಬಾವಿಯನ್ನು ಮರುವರ್ಷ ಮಣ್ಣು ತುಂಬಿ ಮುಚ್ಚಿದರು.